ಲೀಟರಿಗೆ ಇಪ್ಪತ್ತೈದು ಪೈಸೆ ಮತ್ತು ನಮ್ಮೂರ ಹೈಸ್ಕೂಲು

(ಸಂಘದ ಬೆಳ್ಳಿಹಬ್ಬದ ಪೂರ್ವಭಾವಿಯಾಗಿ ಡೇರಿ ಆವರಣದಲ್ಲಿ ಕರೆದಿದ್ದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಮಗೆ ಮೈಕಿನ ಮುಂದೆ ನಿಂತು ಮಾತಾಡಿ ಅಭ್ಯಾಸವಿಲ್ಲ. ನಾವು ಓದಿದ್ದು ಎಸ್‌ಎಸ್‌ಎಲ್‌ಸಿ ತನಕ. ಅಲ್ಲಿಂದಾಚೆಗೆ ಹಿಡಿದದ್ದು ನೇಗಿಲು, ಆಮೇಲೆ ಹಾಲಿನ ಕ್ಯಾನು. ತಪ್ಪು ಒಪ್ಪು ಬಂದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಬೆಳ್ಳಿಹಬ್ಬ ಅಂದಮೇಲೆ ಸಂಘ 2000ನೇ ಇಸವಿಯಿಂದ ಬೆಳೆದುಬಂದ ದಾರಿಯನ್ನು ಹೇಳಬೇಕು, ಅದನ್ನು ಕಾರ್ಯದರ್ಶಿಯವರು ವರದಿಯಲ್ಲಿ ಓದುತ್ತಾರೆ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ ಕತೆಯನ್ನು ಉದ್ಘಾಟನೆಗೆ ಬರುವ ದೊಡ್ಡವರು ಹೇಗೂ ಹೇಳುತ್ತಾರೆ. ನಾವು ಒಂದೇ ಒಂದು ವಿಷಯ ಮಾತಾಡಿ ಕೂರುತ್ತೇವೆ.

ಬರುವ ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ನಿಮ್ಮ ಮುಂದೆ ಒಂದು ಠರಾವು ಬರುತ್ತದೆ. ಡೇರಿಗೆ ಹಾಕುವ ಪ್ರತಿ ಲೀಟರ್ ಹಾಲಿನ ಬಾಬ್ತು 25 ಪೈಸೆಯಂತೆ ಮೂರು ವರ್ಷ ಬಟವಾಡೆಯಲ್ಲಿ ಹಿಡಿಯುವುದು, ಆ ಹಣದಿಂದ ನಮ್ಮೂರ ಸರ್ಕಾರಿ ಪ್ರೌಢಶಾಲೆಗೆ ಹೆಣ್ಣುಮಕ್ಕಳ ಶೌಚಾಲಯ, ನೀರಿನ ವ್ಯವಸ್ಥೆ ಮತ್ತು ವಿಜ್ಞಾನದ ಪ್ರಯೋಗಾಲಯ ಮಾಡಿಸಿಕೊಡುವುದು. ಜೊತೆಗೆ, ಬೆಳ್ಳಿಹಬ್ಬದ ನೆನಪಿಗೆ ಸದಸ್ಯರಿಗೆ ಕೊಡಬೇಕು ಅಂತ ಮಾತಾಗಿದ್ದ ಸ್ಟೀಲ್ ಪಾತ್ರೆಯ ಹಣವನ್ನೂ ಅದಕ್ಕೇ ಸೇರಿಸುವುದು.

ಪಾತ್ರೆ ಅಂದ ಕೂಡಲೇ ಗುಸುಗುಸು ಶುರುವಾಯಿತು. ಇರಲಿ, ಅದಕ್ಕೂ ಬರುತ್ತೇವೆ.

ಈ ಠರಾವು ಎಲ್ಲಿ ಹುಟ್ಟಿತು ಅಂತ ಮೊದಲು ಹೇಳುತ್ತೇವೆ. ಹೋದ ವರ್ಷ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹುಟ್ಟಿತು. ನಮ್ಮ ತಮ್ಮನ ಮಗಳು ಒಂಬತ್ತನೇ ಕ್ಲಾಸು. ಎರಡು ತಿಂಗಳಲ್ಲಿ ಎರಡು ಸಲ ಚಳಿಜ್ವರ ಬಂದು ಮಲಗಿತು. ಡಾಕ್ಟರು ಪರೀಕ್ಷೆ ಮಾಡಿಸಿ, ಇದು ಮೂತ್ರದ ಸೋಂಕು, ದಿನಕ್ಕೆ ಎಷ್ಟು ನೀರು ಕುಡೀತೀಯ ಮಗಳೇ ಅಂತ ಕೇಳಿದರು. ಮಗು ತಲೆ ತಗ್ಗಿಸಿಕೊಂಡು ಸುಮ್ಮನೆ ನಿಂತಿತ್ತು. ಅವತ್ತು ಸಂಜೆ ಹಾಲು ಕರೆಯೋ ಹೊತ್ತಿನಲ್ಲಿ ನಮ್ಮ ಮನೆಯವರ ಹತ್ತಿರ ಬಾಯಿಬಿಟ್ಟಿತು. "ನೀರು ಕುಡಿದ್ರೆ ಹೋಗ್ಬೇಕಾಯ್ತದೆ ದೊಡ್ಡವ್ವ. ಅಲ್ಲಿ ಹೋಗಕ್ಕಾಗಲ್ಲ."

ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ವಾಪಸ್ ಬರುವ ತನಕ ಆ ಮಗು ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಯೂಟವನ್ನೂ ಒಣಗಂಟಲಲ್ಲೇ ಉಣ್ಣುತ್ತಿತ್ತು. ಮಾರನೇ ದಿನ ನಾವು ಶಾಲೆಗೆ ಹೋಗಿ ನೋಡಿದೆವು. ಶೌಚಾಲಯ ಅಂತ ಒಂದು ಇದೆ. ಬಾಗಿಲಿನ ಕೀಲು ಕಿತ್ತಿದೆ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಮೋಟಾರು ಸುಟ್ಟು ತೊಟ್ಟಿಯಲ್ಲಿ ನೀರಿಲ್ಲ. ಮೇಷ್ಟ್ರುಗಳೇ ಕೈಯಿಂದ ಹಾಕಿ ಎರಡು ಸಲ ರಿಪೇರಿ ಮಾಡಿಸಿದ್ದರಂತೆ. ನಮಗೆ ಬೇಜಾರಾದದ್ದು ಶೌಚಾಲಯ ನೋಡಿ ಅಷ್ಟೇ ಅಲ್ಲ. ಆ ಶಾಲೆಯ ಗೇಟಿನ ಮುಂದೆಯೇ ದಿನಕ್ಕೆ ಎರಡು ಸಲ, ಇಷ್ಟು ವರ್ಷದಿಂದ, ಹಾಲಿನ ಕ್ಯಾನು ಇಟ್ಟುಕೊಂಡು ಓಡಾಡಿದವರು ನಾವು. ಒಂದು ದಿನಕ್ಕೂ ಒಳಗೆ ಕಾಲಿಟ್ಟು ನೋಡಿರಲಿಲ್ಲ.

ಆಮೇಲೆ ನಮ್ಮ ಮನೆಯವರು ನಾಲ್ಕಾರು ಮನೆಯಲ್ಲಿ ವಿಚಾರಿಸಿದರು. ಹೆಂಗಸರ ಹತ್ತಿರ ಹೆಂಗಸರೇ ಕೇಳಬೇಕಾದ ಮಾತು ಇದು. ತಿಂಗಳಲ್ಲಿ ಮೂರು ನಾಲ್ಕು ದಿನ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಇಲ್ಲವಂತೆ. ಸರ್ಕಾರದವರು ಶುಚಿ ಯೋಜನೆಯಲ್ಲಿ ನ್ಯಾಪ್‌ಕಿನ್ ಕೊಡುತ್ತಾರೆ, ಅದನ್ನು ಬದಲಾಯಿಸಲು ಒಂದು ಬಾಗಿಲು, ಒಂದು ಬಕೆಟ್ ನೀರು ಬೇಡವೇ? ಗಂಡಸರೇ ತುಂಬಿರುವ ಸಭೆಯಲ್ಲಿ ಇದನ್ನೆಲ್ಲ ಮಾತಾಡುವುದಕ್ಕೆ ನಮಗೂ ಸಂಕೋಚ. ಆದರೆ ಹಸುವಿನ ಗರ್ಭಕೋಶದ ತೊಂದರೆಯನ್ನು ಇದೇ ಕಟ್ಟೆಯ ಮೇಲೆ ಕೂತು ಗಂಟೆಗಟ್ಟಲೆ ಮಾತಾಡುತ್ತೇವೆ. ಮನೆ ಮಕ್ಕಳ ವಿಷಯಕ್ಕೆ ನಾಚಿಕೆ ಪಟ್ಟರೆ ಆಗುತ್ತದೆಯೇ?

ಈಗ ನಿಮ್ಮ ಪ್ರಶ್ನೆಗಳು. ಮೂರು ತಿಂಗಳಿಂದ ಹಾಲು ಹಾಕುವ ಸಾಲಿನಲ್ಲಿ, ಟೀ ಅಂಗಡಿಯಲ್ಲಿ, ಅರಳಿಕಟ್ಟೆಯಲ್ಲಿ ಎಲ್ಲ ಕೇಳಿದ್ದೇವೆ.

ಮೊದಲನೆಯದು, ಇದೆಲ್ಲ ಸರ್ಕಾರದ ಕೆಲಸ, ನಾವ್ಯಾಕೆ ಕೊಡಬೇಕು ಅನ್ನುವುದು. ಈ ಮಾತಿನಲ್ಲಿ ನ್ಯಾಯ ಇದೆ. ಸರ್ಕಾರ ಏನೂ ಮಾಡಿಲ್ಲ ಅಂತ ನಾವು ಹೇಳುವುದಿಲ್ಲ. 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟರು, ಕೊರೊನಾ ಬಂದ ಮೇಲೆ ಅದು ನಿಂತುಹೋಯಿತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯಿತು, ನಾವು ಕರೆದ ಹಾಲೇ ಪುಡಿಯಾಗಿ ತಿರುಗಿ ನಮ್ಮ ಮಕ್ಕಳ ಲೋಟಕ್ಕೆ ಬಂತು. 2022ರಲ್ಲಿ ವಿವೇಕ ಯೋಜನೆಯಲ್ಲಿ ರಾಜ್ಯದಲ್ಲೆಲ್ಲ ಸಾವಿರಾರು ಕೊಠಡಿ ಮಂಜೂರಾದವು, ನಮ್ಮ ಶಾಲೆಗೂ ಎರಡು ಬಂದವು. ಕಾಂಪೌಂಡನ್ನು ಪಂಚಾಯಿತಿಯವರು ಉದ್ಯೋಗ ಖಾತ್ರಿಯಲ್ಲಿ ಕಟ್ಟಿಸಿಕೊಟ್ಟರು. ಇಷ್ಟು ಆಗಿದೆ.

ಆದರೆ ಒಂದು ವಿಷಯ ನಮಗೂ ಇತ್ತೀಚೆಗೆ ತಿಳಿದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೇ ಕ್ಲಾಸಿನ ತನಕ. ಇಂತಿಷ್ಟು ಕೊಠಡಿ ಇರಬೇಕು, ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ಶೌಚಾಲಯ ಇರಬೇಕು ಅಂತ ಆ ಕಾಯ್ದೆಯಲ್ಲೇ ಬರೆದಿದೆ. ಒಂಬತ್ತು, ಹತ್ತನೇ ಕ್ಲಾಸು ಅದರೊಳಗೆ ಬರುವುದಿಲ್ಲ. ಹೆಣ್ಣುಮಗು ದೊಡ್ಡದಾಗುವ ವಯಸ್ಸಿಗೆ ಸರಿಯಾಗಿ ಕಾಯ್ದೆಯ ಕೈ ಬಿಟ್ಟುಹೋಗುತ್ತದೆ. ಆಮೇಲೆ ಎಲ್ಲ ಅನುದಾನ ಬಂದಾಗ, ಸರದಿ ಬಂದಾಗ. ನಾವು ಅರ್ಜಿ ಕೊಟ್ಟಿದ್ದೇವೆ, ಪಟ್ಟಿಯಲ್ಲಿ ಶಾಲೆಯ ಹೆಸರು ಸೇರಿದೆ. ಸರದಿ ಬರುವಷ್ಟರಲ್ಲಿ ಈಗ ಇರುವ ಮೂರು ಬ್ಯಾಚಿನ ಮಕ್ಕಳು ಶಾಲೆ ಬಿಟ್ಟು ಹೋಗಿರುತ್ತಾರೆ. ಅನುದಾನ ಬಂದರೆ ಬರಲಿ, ಆಗ ಇನ್ನೂ ಎರಡು ಕೊಠಡಿ ಕೇಳೋಣ.

ನಮ್ಮದು ನಾಲೆ ಕೆಳಗಿನ ತಾಲ್ಲೂಕು. ಚಾಮರಾಜ ನಾಲೆ, ಮಿರ್ಲೆ ನಾಲೆ ಯಾರು ತೋಡಿಸಿದ್ದು? ಸರ್ಕಾರ, ಅದಕ್ಕೂ ಹಿಂದೆ ಮಹಾರಾಜರು. ಆದರೆ ತೂಬಿನಿಂದ ಕೆಳಗೆ ನಮ್ಮ ಗದ್ದೆಗೆ ಬರುವ ಹೊಲಗಾಲುವೆಯ ಹೂಳನ್ನು ಯಾರು ಎತ್ತುತ್ತಿದ್ದರು? ನಾಲೆಗೆ ನೀರು ಬಿಡುವ ಮುಂಚೆ ಮನೆಗೊಂದಾಳಿನಂತೆ ಗುದ್ದಲಿ ಹಿಡಿದು ಊರೇ ಹೊರಡುತ್ತಿತ್ತು. ಇಂಜಿನಿಯರು ಬರಲಿ ಅಂತ ಕಾದು ಕೂತಿದ್ದರೆ ಸಸಿಮಡಿ ಒಣಗಿ ಹೋಗುತ್ತಿತ್ತು. ನಮ್ಮ ತಾಲ್ಲೂಕು ಕೇಂದ್ರಕ್ಕೆ ಹೆಸರು ಕೊಟ್ಟ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1913ರಷ್ಟು ಹಿಂದೆಯೇ, ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನು ಬಂತು ಅಂತ ಓದುತ್ತೇವೆ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಬಂದಾಗ ಶ್ರಮದಾನ ಅಂತ ಹಳ್ಳಿಹಳ್ಳಿಯಲ್ಲೂ ರಸ್ತೆಗೆ, ಶಾಲೆಗೆ ಜನ ಮಣ್ಣು ಹೊತ್ತರು. ನಮ್ಮ ಪ್ರಾಥಮಿಕ ಶಾಲೆಯ ಹಳೇ ಹೆಂಚಿನ ಕೊಠಡಿಯ ಗೋಡೆಗೆ ಮಣ್ಣು ಹೊತ್ತ ಕತೆಯನ್ನು ನಮ್ಮ ತಾತಂದಿರ ಬಾಯಲ್ಲಿ ನಾವೆಲ್ಲ ಕೇಳಿದ್ದೇವೆ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆ ಕೊಠಡಿಯಲ್ಲಿ ಕೂತು ಓದಿದವರು ನಾವು.

ಎರಡನೇ ಪ್ರಶ್ನೆ, ಹಾಲಿನ ದುಡ್ಡಿಗೂ ಶಾಲೆಗೂ ಏನು ಸಂಬಂಧ, ಇಂಥದ್ದು ಎಲ್ಲಾದರೂ ಉಂಟಾ ಅನ್ನುವುದು. ಉಂಟು. 1976ರಲ್ಲಿ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಒಂದು ಸಿನಿಮಾ ತೆಗೆಸಿದರು, 'ಮಂಥನ್' ಅಂತ. ಶ್ಯಾಮ್ ಬೆನಗಲ್ ನಿರ್ದೇಶನ. ಹಳ್ಳಿಗೆ ಹಾಲಿನ ಸಂಘ ಕಟ್ಟಲು ಬರುವ ಪಶುವೈದ್ಯರ ಪಾತ್ರ ಮಾಡಿದ್ದು ನಮ್ಮ ಗಿರೀಶ್ ಕಾರ್ನಾಡರು. ಆ ಸಿನಿಮಾವನ್ನು ಹೊಸದಾಗಿ ತೊಳೆದು 2024ರಲ್ಲಿ ಫ್ರಾನ್ಸ್ ದೇಶದ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಎರಡೆರಡು ರೂಪಾಯಿಯಲ್ಲಿ ಸಿನಿಮಾ ಆಗುತ್ತದೆ ಅಂದರೆ ನಾಲ್ಕಾಣೆ ನಾಲ್ಕಾಣೆಯಲ್ಲಿ ಒಂದು ಶೌಚಾಲಯ ಆಗುವುದಿಲ್ಲವೇ?

ನಮ್ಮೂರಿನ ಹುಡುಗ ಒಬ್ಬ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಂಪ್ಯೂಟರ್ ಕೆಲಸದಲ್ಲಿ ಇದ್ದಾನೆ. ಯುಗಾದಿಗೆ ಬಂದಿದ್ದಾಗ ಈ ಠರಾವಿನ ಮಾತು ಕೇಳಿ ಅಲ್ಲಿನ ಪದ್ಧತಿ ಹೇಳಿದ. ಅಲ್ಲಿ ಹೈಸ್ಕೂಲಿಗೆ ಕಟ್ಟಡ ಬೇಕಾದರೆ ಶಾಲಾ ಮಂಡಳಿಯವರು ಬಾಂಡ್ ಮೂಲಕ ಸಾಲ ಎತ್ತಬೇಕು, ಎತ್ತುವುದಕ್ಕೆ ಮುಂಚೆ ಊರಿನವರ ಓಟು ಪಡೆಯಬೇಕು. ಒಪ್ಪಿದರೆ ಸಾಲ ತೀರುವ ತನಕ ಊರವರ ಮನೆ, ಜಾಗದ ಕಂದಾಯಕ್ಕೆ ಒಂದಿಷ್ಟು ಸೇರುತ್ತದೆ. 2000ನೇ ಇಸವಿಯಿಂದ ಅಲ್ಲಿ ನೂರಕ್ಕೆ 55 ಓಟು ಬಂದರೆ ಸಾಕು ಅಂತ ಮಾಡಿದ್ದಾರೆ, ಅದಕ್ಕೆ ಮುಂಚೆ ಮೂರರಲ್ಲಿ ಎರಡು ಪಾಲು ಬೇಕಿತ್ತಂತೆ. ಅಲ್ಲೇನು ಎಲ್ಲರೂ ಕೈ ಎತ್ತುತ್ತಾರೆಯೇ? ಇಲ್ಲ. ನಮ್ಮ ಮಕ್ಕಳು ಓದಿ ಮುಗಿಯಿತು, ನಮಗ್ಯಾಕೆ ಅನ್ನುವವರು ಅಲ್ಲೂ ಇದ್ದಾರಂತೆ, ಎಷ್ಟೋ ಕಡೆ ಸೋಲುತ್ತದಂತೆ. ಕೇಳಿ ನಮಗೆ ಸಮಾಧಾನವಾಯಿತು, ಈ ಜಗಳ ನಮ್ಮೂರಿನದೊಂದೇ ಅಲ್ಲ.

ಬಾಂಡ್ ಅನ್ನುವುದು ನಮ್ಮ ರಾಜ್ಯಕ್ಕೂ ಹೊಸದಲ್ಲ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿ ಬಾಂಡ್ ಎತ್ತಿತು, ದೇಶದಲ್ಲಿ ಒಂದು ನಗರಸಭೆ ಹಾಗೆ ಮಾಡಿದ್ದು ಅದೇ ಮೊದಲು. 1994ರಲ್ಲಿ ಆದ ಕೃಷ್ಣಾ ಭಾಗ್ಯ ಜಲ ನಿಗಮವೂ ಅಣೆಕಟ್ಟು, ನಾಲೆ ಕೆಲಸಕ್ಕೆ ಬಾಂಡ್ ಹಣ ಎತ್ತಿತು. ನಮ್ಮದು ಚಿಕ್ಕ ಊರು, ನಮಗೆ ಕಾಗದದ ಬಾಂಡ್ ಬೇಡ, ಬಟವಾಡೆ ಪುಸ್ತಕವೇ ಸಾಕು. ಆದರೆ ಮೊದಲು ಕಟ್ಟು, ಆಮೇಲೆ ಸ್ವಲ್ಪ ಸ್ವಲ್ಪ ತೀರಿಸು ಅನ್ನುವ ಆ ಉಪಾಯವನ್ನು ನಾವು ಹಿಡಿದಿದ್ದೇವೆ. ಅದು ಹೇಗೆ ಅಂತ ಮುಂದೆ ಹೇಳುತ್ತೇವೆ.

ಮೂರನೇ ಪ್ರಶ್ನೆಯನ್ನು ಬಡ ಸದಸ್ಯರ ಪರವಾಗಿ ಕೆಲವರು ಎತ್ತಿದರು. ಹೆಚ್ಚಾಗಿ ಎತ್ತಿದವರು ಬಡವರಲ್ಲ, ಅದು ಬೇರೆ ಮಾತು. ಲೆಕ್ಕ ನೋಡಿ. ದಿನಕ್ಕೆ 3 ಲೀಟರ್ ಹಾಕುವ ಮನೆಗೆ ದಿನಕ್ಕೆ 75 ಪೈಸೆ, ತಿಂಗಳಿಗೆ 22 ರೂಪಾಯಿ 50 ಪೈಸೆ. 10 ಲೀಟರ್ ಹಾಕುವವರಿಗೆ ತಿಂಗಳಿಗೆ 75 ರೂಪಾಯಿ. ಸರ್ಕಾರ ನಮಗೆ ಲೀಟರಿಗೆ ಪ್ರೋತ್ಸಾಹಧನ ಅಂತ 2008ರಲ್ಲಿ 2 ರೂಪಾಯಿ ಶುರುಮಾಡಿತು, 2013ರಲ್ಲಿ 4 ಆಯಿತು, 2016ರಲ್ಲಿ 5 ಆಯಿತು. ಬರುವುದು ತಡವಾಗುತ್ತದೆ ಅಂತ ಬೈದುಕೊಂಡರೂ ಬಿಡುವುದಿಲ್ಲ. ಆ ಐದು ರೂಪಾಯಿ ಯಾರದು? ಹಸು ಇಲ್ಲದವರೂ ಕಟ್ಟಿದ ತೆರಿಗೆ. ಅದರಲ್ಲಿ ಇಪ್ಪತ್ತನೇ ಒಂದು ಪಾಲನ್ನು ಊರ ಮಕ್ಕಳಿಗೆ ಬಿಡಿ ಅಂತ ಕೇಳುತ್ತಿದ್ದೇವೆ. ಬೂಸ, ಹಿಂಡಿ ಬೆಲೆ ಏರಿರುವುದು ನಮಗೂ ಗೊತ್ತು, ನಮ್ಮ ಕೊಟ್ಟಿಗೆಯಲ್ಲೂ ನಾಲ್ಕು ಹಸು ಇವೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದ್ದೂ ಗೊತ್ತು.

ಆದರೂ ಕರಡು ಬರೆಯುವಾಗ ದಿನಕ್ಕೆ 3 ಲೀಟರಿಗಿಂತ ಕಡಿಮೆ ಹಾಕುವವರಿಗೆ ವಿನಾಯಿತಿ ಅಂತ ಸೇರಿಸಿದ್ದೆವು. ಕೆಳಗಿನ ಬೀದಿಯಲ್ಲಿ ಓದಿ ಹೇಳಿದಾಗ ಒಂದೇ ಹಸು ಸಾಕಿಕೊಂಡಿರುವ ನಮ್ಮ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತರು. "ಯಾಕಪ್ಪ, ನನ್ನ ಹಾಲೇನು ನೀರಾ? ನನ್ನ ಮೊಮ್ಮಗಳೂ ಅಲ್ಲೇ ಓದೋದು. ನಂದೂ ಹಿಡೀರಿ, ಹೆಸರು ಬರ್ಕೊಳಿ" ಅಂದರು. ಆ ಸಾಲನ್ನು ಅಲ್ಲೇ ಹೊಡೆದುಹಾಕಿದೆವು. ಕಷ್ಟ ಇರುವವರು ಬೇಡ ಅಂತ ಬರೆದುಕೊಟ್ಟರೆ ಹಿಡಿಯುವುದಿಲ್ಲ, ಕಾರಣ ಕೇಳುವುದಿಲ್ಲ, ಆ ಚೀಟಿಯನ್ನು ಯಾರಿಗೂ ತೋರಿಸುವುದಿಲ್ಲ ಅಂತ ಈಗ ಬರೆದಿದೆ.

ಇಲ್ಲಿ ಇನ್ನೊಂದು ಮಾತು. 2022ರ ಅಕ್ಟೋಬರಿನಲ್ಲಿ ಸರ್ಕಾರಿ ಶಾಲೆ ಮಕ್ಕಳ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಒಂದು ಸುತ್ತೋಲೆ ಬಂದದ್ದು, ಗಲಾಟೆಯಾಗಿ ಕೆಲವೇ ದಿನದಲ್ಲಿ ವಾಪಸ್ ಹೋದದ್ದು ನಿಮಗೆ ನೆನಪಿರಬಹುದು. ವಾಪಸ್ ಹೋದದ್ದೇ ಸರಿ. ಊರಿನಲ್ಲಿ ಯಾರಿಗೆ ಕೈಲಾಗುವುದಿಲ್ಲವೋ ಅವರ ಮಕ್ಕಳೇ ಸರ್ಕಾರಿ ಶಾಲೆಯಲ್ಲಿ ಇರುವುದು, ಅವರ ಮೇಲೇ ಹೊರೆ ಹಾಕಿದಂತೆ ಆಗುತ್ತಿತ್ತು. ನಮ್ಮ ಠರಾವಿನಲ್ಲಿ ಮಕ್ಕಳ ತಲೆ ಎಣಿಸುವುದಿಲ್ಲ, ಹಾಲಿನ ಲೀಟರ್ ಎಣಿಸುತ್ತೇವೆ. ಹೆಚ್ಚು ಹಾಲು ಹಾಕುವವರು ಹೆಚ್ಚು ಕೊಡುತ್ತಾರೆ, ಮನೆಯಲ್ಲಿ ಮಗು ಇರಲಿ ಇಲ್ಲದಿರಲಿ.

ನಾಲ್ಕನೆಯದು ಯಾರೂ ಸಭೆಯಲ್ಲಿ ಕೇಳಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಆದ್ದರಿಂದ ನಾವೇ ಹೇಳಿಬಿಡುತ್ತೇವೆ. ಈ ವೇದಿಕೆ ಮೇಲೆ ಕೂತಿರುವ ನಿರ್ದೇಶಕರಲ್ಲಿ ಅರ್ಧಕ್ಕರ್ಧ ಜನರ ಮಕ್ಕಳು ಕೃಷ್ಣರಾಜನಗರದ ಕಾನ್ವೆಂಟುಗಳಿಗೆ ಹೋಗುತ್ತಾರೆ. ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನು ಬರುತ್ತದೆ. ನಮ್ಮ ಮಗನೂ ಅದರಲ್ಲೇ ಹೋಗುತ್ತಾನೆ. ನಾವು ಸರ್ಕಾರಿ ಶಾಲೆ ಉಳಿಸಿ ಅಂತ ಭಾಷಣ ಮಾಡುವುದು, ಮಗನನ್ನು ವ್ಯಾನು ಹತ್ತಿಸುವುದು. ನಗಬೇಡಿ, ನಿಮ್ಮಲ್ಲೂ ಎಷ್ಟೋ ಜನ ಹಾಗೇ ಇದ್ದೀರಿ.

ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕ ತೋರಿಸಿದರು. ನಮ್ಮ ಹೈಸ್ಕೂಲಿನಲ್ಲಿ ಹುಡುಗರಿಗಿಂತ ಹುಡುಗಿಯರೇ ಜಾಸ್ತಿ. ಮೊದಲು ನಮಗೆ ಸಂತೋಷವಾಯಿತು, ಪರವಾಗಿಲ್ಲ, ನಮ್ಮೂರ ಹೆಣ್ಣುಮಕ್ಕಳು ಓದುತ್ತಿವೆ ಅಂತ. ಹೆಸರು ಒಂದೊಂದಾಗಿ ಓದಿಕೊಂಡು ಹೋದಾಗ ಅರ್ಥವಾಯಿತು. ಅಣ್ಣ ಕಾನ್ವೆಂಟಿನಲ್ಲಿ, ತಂಗಿ ಇಲ್ಲಿ. ತಮ್ಮ ಕಾನ್ವೆಂಟಿನಲ್ಲಿ, ಅಕ್ಕ ಇಲ್ಲಿ. ಗಂಡಿಗೆ ಫೀಸು ಕಟ್ಟಿ ವ್ಯಾನು, ಹೆಣ್ಣಿಗೆ ಊರ ಶಾಲೆ. ಬಾಯಲ್ಲಿ ಯಾರೂ ಹೇಳುವುದಿಲ್ಲ, ಆದರೆ ಮನೆಮನೆಯಲ್ಲೂ ಇದೇ ತೀರ್ಮಾನ ಆಗಿದೆ. ನಮ್ಮ ಕೂಡು ಕುಟುಂಬದಲ್ಲೂ ಅದೇ ಆಗಿತ್ತು, ನಮ್ಮ ಮಗ ವ್ಯಾನಿನಲ್ಲಿ, ತಮ್ಮನ ಮಗಳು ಬಾಗಿಲಿಲ್ಲದ ಶೌಚಾಲಯದ ಶಾಲೆಯಲ್ಲಿ. ಹಾಗಾದರೆ ಈ ಶಾಲೆ ಹಾಳಾದರೆ ಯಾರ ಓದು ಹಾಳಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆಲವರು, ಶಕ್ತಿ ಯೋಜನೆಯಲ್ಲಿ 2023ರಿಂದ ಹೆಂಗಸರಿಗೆ ಬಸ್ಸು ಫ್ರೀ, ಹುಡುಗಿಯರು ಪಟ್ಟಣದ ಹೈಸ್ಕೂಲಿಗೆ ಹೋಗಲಿ ಅಂದರು. ಬೆಳಿಗ್ಗೆ ನಮ್ಮ ಕ್ರಾಸಿಗೆ ಬರುವಾಗಲೇ ಬಸ್ಸು ತುಂಬಿ ಬಾಗಿಲಿಗೆ ನೇತಾಡುತ್ತಿರುತ್ತಾರೆ, ನೀವೇ ನೋಡಿದ್ದೀರಿ.

ಈ ಡೇರಿಗೆ ಬರುವ ಹಾಲನ್ನು ಕರೆಯುವವರು ಯಾರು? ಪಾಸ್‌ಬುಕ್ಕಿನಲ್ಲಿ ನಮ್ಮ ಹೆಸರು ಇದೆ. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಕೆಚ್ಚಲು ತೊಳೆದು, ಹಾಲು ಕರೆದು ಕೊಡುವವರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಸೆಪ್ಟೆಂಬರಿನ ಸಭೆಗೆ ಅವರೂ ಬರಲಿ. ಅವರಲ್ಲಿ ಸದಸ್ಯತ್ವ ಇರುವವರು ಕೈ ಎತ್ತಲಿ, ಇಲ್ಲದವರು ಮನೆಯಲ್ಲೇ ಗಂಡಂದಿರ ಕೈ ಎತ್ತಿಸಿ ಕಳಿಸಲಿ.

ಪ್ರಯೋಗಾಲಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾವು ಓದುವಾಗಲೂ ಲಿಟ್ಮಸ್ ಕಾಗದವನ್ನು ಪುಸ್ತಕದ ಚಿತ್ರದಲ್ಲಿ ನೋಡಿದ್ದೆವು, ನಮ್ಮ ಮಕ್ಕಳೂ ಚಿತ್ರದಲ್ಲೇ ನೋಡುತ್ತಿವೆ. ತಮಾಷೆ ಅಂದರೆ ನಮ್ಮ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇದೆ, ಶಾಲೆಯಲ್ಲಿ ಇಲ್ಲ. ವಿಜ್ಞಾನದ ಮೇಷ್ಟ್ರು ಒಂದು ಸಲ ಮಕ್ಕಳನ್ನು ಇಲ್ಲಿಗೇ ಕರೆತಂದು, ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಯಾಕೆ ಕೆಳಗಿಳಿಯುತ್ತದೆ, ಹಿಂದೆ ಗಂಧಕಾಮ್ಲ ಹಾಕಿ ಫ್ಯಾಟ್ ಹೇಗೆ ತೆಗೆಯುತ್ತಿದ್ದರು ಅಂತೆಲ್ಲ ನಮ್ಮ ಹಾಲು ಪರೀಕ್ಷಕರ ಕೈಯಲ್ಲಿ ಮಾಡಿಸಿ ತೋರಿಸಿದರು. ಆ ದಿನ ಮಕ್ಕಳು ಕೇಳಿದ ಪ್ರಶ್ನೆಗೆ ನಾವು ಮೂರು ಜನ ನಿರ್ದೇಶಕರಿಗೂ ಉತ್ತರ ಬರಲಿಲ್ಲ. 2024ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಕ್ಯಾಮೆರಾ ಕಣ್ಗಾವಲಿನಲ್ಲಿ ನಡೆಯುತ್ತಿದೆ. ಹಿಂದಿನ ವರ್ಷ ನೂರಕ್ಕೆ 83ರ ಮೇಲಿದ್ದ ರಾಜ್ಯದ ಫಲಿತಾಂಶ ಆ ವರ್ಷ 73ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಚೀಟಿ ತಳ್ಳಿ ಪಾಸು ಮಾಡಿಸುವ ಕಾಲ ಹೋಯಿತು. ಕಲಿತವರೇ ಪಾಸಾಗಬೇಕು, ಕಲಿಯುವುದಕ್ಕೆ ಸಾಮಾನು ಬೇಕು. ವಿವೇಕ ಕೊಠಡಿ ಬಂದ ಮೇಲೆ ಹಳೆಯ ಒಂದು ಕೊಠಡಿ ಖಾಲಿ ಇದೆ, ಸೂರು ಸೋರುತ್ತದೆ. ಅದನ್ನೇ ದುರಸ್ತಿ ಮಾಡಿ ಟೇಬಲ್, ಸಿಂಕು, ಬೀರು, ಸಾಮಾನು ಹಾಕಿಸುವುದು.

ಇನ್ನು ನಂಬಿಕೆಯ ಪ್ರಶ್ನೆ. ಇದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ. ಕೆಲವು ವರ್ಷದ ಹಿಂದೆ ಊರಿನ ಒಂದು ಕೆಲಸಕ್ಕೆ ಅಂತ ಮನೆಮನೆಯಲ್ಲೂ ಹಣ ಎತ್ತಿದರು, ಇವತ್ತಿಗೂ ಅದರ ಪೂರ್ತಿ ಲೆಕ್ಕ ಬಂದಿಲ್ಲ. ಎತ್ತಿದವರಲ್ಲಿ ನಾವೂ ಒಬ್ಬರು. ಹಣ ನಾವು ತಿನ್ನಲಿಲ್ಲ, ಆದರೆ ರಸೀದಿ ಪುಸ್ತಕ ಯಾರ ಹತ್ತಿರ ಉಳಿಯಿತು ಅಂತ ಕೇಳುವ ಧೈರ್ಯವನ್ನೂ ಮಾಡಲಿಲ್ಲ. ಅದಕ್ಕೆ ಇವತ್ತು ನೀವು ಅನುಮಾನ ಪಟ್ಟರೆ ತಪ್ಪಿಲ್ಲ.

ಆದ್ದರಿಂದ ಈ ಸಲ ಕೈಗೆ ಕಾಸು ಮುಟ್ಟುವುದೇ ಬೇಡ ಅಂತ ಮಾಡಿದ್ದೇವೆ. ಬಟವಾಡೆಯಲ್ಲಿ ಹಿಡಿದ ಹಣ ನೇರವಾಗಿ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನಲ್ಲಿ ತೆರೆಯುವ ಬೇರೆ ಖಾತೆಗೆ ಹೋಗುತ್ತದೆ. ಚೆಕ್ಕಿಗೆ ಮೂರು ಸಹಿ, ಸಂಘದ ಅಧ್ಯಕ್ಷರು, ಮುಖ್ಯೋಪಾಧ್ಯಾಯರು, ಮೂರನೆಯದು ಶಾಲಾಭಿವೃದ್ಧಿ ಸಮಿತಿಯ ಒಬ್ಬ ತಾಯಿಯದು. ತಿಂಗಳ ಲೆಕ್ಕವನ್ನು ಹಾಲಿನ ದರ ಬರೆಯುವ ಬೋರ್ಡಿನ ಪಕ್ಕದಲ್ಲೇ ಬರೆಯುವುದು. ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ಜಗಳಕ್ಕೆ ನಿಲ್ಲುವ ಜನ ನೀವು, ಈ ಲೆಕ್ಕಕ್ಕೂ ಹಾಗೇ ನಿಲ್ಲಬೇಕು. ಸಹಕಾರ ಇಲಾಖೆಯ ಒಪ್ಪಿಗೆ ಬರೆಹದಲ್ಲಿ ಬರುವ ತನಕ ಒಂದು ಪೈಸೆಯನ್ನೂ ಹಿಡಿಯುವುದಿಲ್ಲ. ಕೆಲವರು, ಸಂಘದ ಲಾಭದಲ್ಲಿ ಶಿಕ್ಷಣ ನಿಧಿ ಅಂತ ತೆಗೆಯುತ್ತೀರಲ್ಲ, ಅದನ್ನೇ ಕೊಡಿ ಅಂದರು. ನಾವೂ ಮೊದಲು ಹಾಗೇ ತಿಳಿದಿದ್ದೆವು. ಅದು ಸಹಕಾರ ಶಿಕ್ಷಣ ನಿಧಿ, ಸಹಕಾರದ ತರಬೇತಿಗೆ ಅಂತ ಮಹಾಮಂಡಳಕ್ಕೆ ಕಟ್ಟುವ ಹಣ, ಶಾಲೆಗೆ ಬರುವುದಿಲ್ಲ.

ಈಗ ಪೂರ್ತಿ ಲೆಕ್ಕ. ನಮ್ಮ ಡೇರಿಗೆ ದಿನಕ್ಕೆ ಸರಾಸರಿ 1,200 ಲೀಟರ್ ಹಾಲು ಬರುತ್ತದೆ. 25 ಪೈಸೆಯಂತೆ ದಿನಕ್ಕೆ 300 ರೂಪಾಯಿ, ವರ್ಷಕ್ಕೆ 1,09,500, ಮೂರು ವರ್ಷಕ್ಕೆ 3,28,500. ಪಾತ್ರೆ 240 ಸದಸ್ಯರಿಗೆ ತಲಾ 900 ರೂಪಾಯಿಯಂತೆ 2,16,000. ಎರಡೂ ಸೇರಿ 5,44,500. ಶೌಚಾಲಯ, ಸಂಪು, ಮೋಟಾರು, ಕೊಠಡಿ ದುರಸ್ತಿ, ಪ್ರಯೋಗಾಲಯದ ಸಾಮಾನು ಎಲ್ಲ ಸೇರಿ ಬರೆಸಿದ ಅಂದಾಜು 5,20,000. ಉಳಿದದ್ದು ಮೋಟಾರು ಮತ್ತೆ ಸುಟ್ಟರೆ ಬೇಕಾಗುತ್ತದೆ.

ಮೂರು ವರ್ಷ ಹಣ ಕೂಡಲಿ ಅಂತ ಕಾದರೆ ನಾವು ಬೈದ ಸರದಿ ಪಟ್ಟಿಗೂ ನಮಗೂ ವ್ಯತ್ಯಾಸ ಇರುವುದಿಲ್ಲ. ಅದಕ್ಕೇ ಆ ಬಾಂಡಿನ ಉಪಾಯ. ದಿನಕ್ಕೆ 15, 20 ಲೀಟರ್ ಹಾಕುವ ಮನೆಗಳವರು ತಮ್ಮ ಮೂರು ವರ್ಷದ ಬಾಬ್ತನ್ನು ಒಂದೇ ಸಲ ಮುಂಗಡ ಕಟ್ಟುವುದು. 20 ಲೀಟರಿನ ಮನೆಗೆ ಅದು 5,475 ರೂಪಾಯಿ ಆಗುತ್ತದೆ. ಕಟ್ಟಿದವರ ಬಟವಾಡೆಯಲ್ಲಿ ಮೂರು ವರ್ಷ ಹಿಡಿಯುವುದಿಲ್ಲ. ಇನ್ನೂ ಅನುಕೂಲ ಇರುವವರು ತಮ್ಮ ಬಾಬ್ತಿಗಿಂತ ಹೆಚ್ಚು ಕೊಟ್ಟರೆ, ಹೆಚ್ಚಿನದನ್ನು ಉಳಿದವರ ಪೈಸೆ ಬಂದಹಾಗೆ ಬಡ್ಡಿಯಿಲ್ಲದೆ ವಾಪಸ್ ಕೊಡುವುದು. ಹನ್ನೊಂದು ಮನೆಯವರು ಈಗಾಗಲೇ ಒಪ್ಪಿದ್ದಾರೆ. ಅದರಲ್ಲಿ ವ್ಯಾನಿನ ಮಕ್ಕಳ ಅಪ್ಪಂದಿರೇ ಏಳು ಜನ. ಪಾತ್ರೆ ಹಣಕ್ಕೆ ಮುಂಗಡ ಸೇರಿದರೆ ಶೌಚಾಲಯ ಮತ್ತು ನೀರಿನ ಕೆಲಸ ದೀಪಾವಳಿ ಕಳೆದ ಮೇಲೆ ಶುರುವಾಗಿ ಸಂಕ್ರಾಂತಿಗೆ ಮುಗಿಯುತ್ತದೆ. ಪ್ರಯೋಗಾಲಯ ಆಮೇಲೆ.

ಶೌಚಾಲಯ ಕಟ್ಟಿದ ಮೇಲೆ ತೊಳೆಯುವವರು ಯಾರು ಅಂತ ನಮ್ಮ ಉಪಾಧ್ಯಕ್ಷರು ಕೇಳಿದರು. ಇದಕ್ಕೆ ನಮ್ಮ ಹತ್ತಿರ ಪೂರ್ತಿ ಉತ್ತರ ಇಲ್ಲ. ಮಕ್ಕಳ ಕೈಯಲ್ಲಿ ತೊಳೆಸುವುದು ಬೇಡ, ಅದು ತಪ್ಪು, ಅದರಲ್ಲೂ ಯಾವ ಮನೆಯ ಮಕ್ಕಳ ಕೈಯಲ್ಲಿ ತೊಳೆಸುತ್ತಾರೆ ಅಂತ ನಿಮಗೂ ಗೊತ್ತು. ಸಂಬಳ ಕೊಟ್ಟು ಒಬ್ಬರನ್ನು ಇಡಬೇಕು. ಪಂಚಾಯಿತಿಯವರು ಅರ್ಧ ಕೊಡುತ್ತೇವೆ ಅಂತ ಬಾಯಿಮಾತಿನಲ್ಲಿ ಹೇಳಿದ್ದಾರೆ, ಬರೆದು ಕೊಟ್ಟಿಲ್ಲ. ಮಹಾಸಭೆಯೊಳಗೆ ಬರೆಸಿಕೊಳ್ಳಲು ಓಡಾಡುತ್ತಿದ್ದೇವೆ. ನಿಮಗೆ ಬೇರೆ ದಾರಿ ಕಂಡರೆ ಹೇಳಿ.

ಕೊನೆಗೆ ಪಾತ್ರೆ. ಹಬ್ಬಕ್ಕೆ ಒಂದು ನೆನಪಿನ ಸಾಮಾನು ಬೇಕು ಅನ್ನುವುದು ಸಹಜ, ಅದರ ಮೇಲೆ ಸಂಘದ ಹೆಸರು ಕೆತ್ತಿಸಬೇಕು ಅಂತ ಮೊದಲು ಹೇಳಿದವರೇ ನಾವು. ಸಂಘದ ಹತ್ತನೇ ವರ್ಷಕ್ಕೆ ಕೊಟ್ಟ ಸ್ಟೀಲ್ ಬಕೆಟ್ ಎಷ್ಟು ಮನೆಯಲ್ಲಿ ಇದೆ? ನಮ್ಮ ಮನೆಯದರ ಹಿಡಿ ಮುರಿದು ಈಗ ಕರುವಿಗೆ ನೀರಿಡುತ್ತಿದ್ದಾರೆ. ಆದರೂ ಪಾತ್ರೆ ಬೇಕೇ ಬೇಕು ಅನ್ನುವವರು ಮಹಾಸಭೆಯಲ್ಲಿ ಎದ್ದು ಹೇಳಬಹುದು. ಠರಾವನ್ನು ಎರಡು ಭಾಗ ಮಾಡಿ ಇಡುತ್ತೇವೆ, ಪೈಸೆಯದು ಬೇರೆ, ಪಾತ್ರೆಯದು ಬೇರೆ. ಒಂದಕ್ಕೆ ಕೈ ಎತ್ತಿ ಇನ್ನೊಂದಕ್ಕೆ ಎತ್ತದಿದ್ದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಾಳೆ ಬೆಳಿಗ್ಗೆ ಹಾಲು ಅಳೆದ ಮೇಲೆ ಎಂಟು ಗಂಟೆಗೆ ಮುಖ್ಯೋಪಾಧ್ಯಾಯರು ಶಾಲೆಯ ಗೇಟು ತೆಗೆಸಿರುತ್ತಾರೆ. ಹಾಲು ಹಾಕಿ ಮನೆಗೆ ಹೋಗುವವರು ಖಾಲಿ ಕ್ಯಾನನ್ನು ಗೇಟಿನ ಹತ್ತಿರ ಇಟ್ಟು ಒಂದು ಸಲ ಒಳಗೆ ಹೋಗಿ ನೋಡಿಕೊಂಡು ಬನ್ನಿ. ಹೆಂಗಸರಿಗೆ ತೋರಿಸಲು ಮೇಡಂ ಒಬ್ಬರು ಇರುತ್ತಾರೆ. ಠರಾವಿನ ಕರಡು ಕಾರ್ಯದರ್ಶಿಯವರ ಮೇಜಿನ ಮೇಲಿದೆ, ಓದಲು ಬಾರದವರಿಗೆ ಅವರೇ ಓದಿ ಹೇಳುತ್ತಾರೆ. ಮುಂಗಡ ಕೊಡುವವರ ಪಟ್ಟಿಯೂ ಅಲ್ಲೇ ಇದೆ, ಹನ್ನೆರಡನೇ ಸಾಲು ಖಾಲಿ ಇದೆ.

ಸಂಜೆ ಹಾಲಿನ ಹೊತ್ತಾಯಿತು, ಬಿಎಂಸಿ ಆನ್ ಮಾಡಬೇಕು.